ತೂಕ ಸರಿಯಿದ್ದರೆ ಸಾಕೆ? ಅಸ್ಥಿಮಜ್ಜೆ ಕಸಿಯ ನಂತರ ಹೃದಯದ ಕಾಳಜಿ

ಹೀಗೊಂದು ಮನೆಯನ್ನು ಊಹಿಸಿಕೊಳ್ಳಿ. ಮನೆಯ ಮಗನಿಗೆ ಮೂವತ್ತೆರಡರ ಪ್ರಾಯದಲ್ಲಿ ರಕ್ತದ ಕ್ಯಾನ್ಸರ್ ಬಂತು. ಕೀಮೋಥೆರಪಿ, ವಿಕಿರಣ, ಅನಂತರ ತಂಗಿ ಕೊಟ್ಟ ಆಕರಕೋಶಗಳ ಕಸಿ. ಪ್ರತ್ಯೇಕ ಕೋಣೆಯಲ್ಲಿ ಒಂದು ತಿಂಗಳು ಕಳೆದು ಮನೆಗೆ ಬಂದಾಗ 62 ಕೆ.ಜಿ. ಇದ್ದವನು 51 ಕೆ.ಜಿ.ಗೆ ಇಳಿದಿದ್ದ. ಮೂರು ವರ್ಷ ಉರುಳಿದ ಮೇಲೆ ಈಗ ಅವನ ತೂಕ ಮತ್ತೆ 62 ಕೆ.ಜಿ. ಕೆನ್ನೆ ದುಂಡಗಾಗಿದೆ. ಮದುವೆ ಮನೆಯಲ್ಲಿ ಕಂಡ ನೆಂಟರು "ಪರವಾಗಿಲ್ಲ, ಚೆನ್ನಾಗಿ ಮೈ ತುಂಬಿಕೊಂಡಿದ್ದಾನೆ" ಎನ್ನುತ್ತಾರೆ. ತಾಯಿ ಅಂದು ಸಂಜೆ ಮಗನಿಗೆ ದೃಷ್ಟಿ ತೆಗೆದು ಸಮಾಧಾನದ ಉಸಿರು ಬಿಡುತ್ತಾರೆ. ಅವನ ಹೆಂಡತಿ ಮಾತ್ರ ಒಂದು ಸಂಗತಿಯನ್ನು ಗಮನಿಸಿದ್ದಾಳೆ. ಕಾಯಿಲೆಗೆ ಮುಂಚಿನ ಪ್ಯಾಂಟು ಈಗ ಸೊಂಟದ ಬಳಿ ಗುಂಡಿ ಹಾಕಲು ಬರುವುದಿಲ್ಲ. ಆದರೆ ತೊಡೆಯ ಬಳಿ ಜೋಲುತ್ತದೆ.

ತೂಕ ಅಷ್ಟೇ ಇದೆ, ಪ್ಯಾಂಟು ಮಾತ್ರ ಹೊಂದುತ್ತಿಲ್ಲ. ಏಕೆ? ಈ ಸಣ್ಣ ಪ್ರಶ್ನೆಗೆ ಉತ್ತರ ಹುಡುಕಿದರೆ ಆಕರಕೋಶ ಕಸಿ ಮಾಡಿಸಿಕೊಂಡವರ ಹೃದಯದ ಬಗ್ಗೆ ಒಂದು ಮುಖ್ಯ ವಿಷಯ ತಿಳಿಯುತ್ತದೆ. ನಿಮ್ಮ ಮನೆಯಲ್ಲಾಗಲಿ, ಬಂಧುಬಳಗದಲ್ಲಾಗಲಿ ಅಂಥವರಿದ್ದರೆ ಈ ಲೇಖನವನ್ನು ಪೂರ್ತಿಯಾಗಿ ಓದಿ. ಇಲ್ಲದಿದ್ದರೂ ಓದಿ. ಇಲ್ಲಿ ಹೇಳುವ ಅಳತೆಗಳು ನಮಗೆಲ್ಲರಿಗೂ ಅನ್ವಯಿಸುತ್ತವೆ.

ಕಸಿ ಎಂದರೇನು?

ನಮ್ಮ ಮೂಳೆಗಳ ಒಳಗಿನ ಮೆತ್ತನೆಯ ಭಾಗವೇ ಅಸ್ಥಿಮಜ್ಜೆ. ಕೆಂಪು ರಕ್ತಕಣ, ಬಿಳಿ ರಕ್ತಕಣ, ಪ್ಲೇಟ್‌ಲೆಟ್‌ಗಳೆಲ್ಲ ಹುಟ್ಟುವುದು ಅಲ್ಲಿರುವ ಆಕರಕೋಶಗಳಿಂದ. ಇವನ್ನೇ ಸ್ಟೆಮ್ ಸೆಲ್ ಎನ್ನುವುದು. ಲ್ಯುಕೇಮಿಯಾ, ಥಲಸ್ಸೇಮಿಯಾ, ಅಪ್ಲಾಸ್ಟಿಕ್ ಅನೀಮಿಯಾದಂಥ ಕಾಯಿಲೆಗಳಲ್ಲಿ ಈ ಕಾರ್ಖಾನೆಯೇ ಕೆಟ್ಟಿರುತ್ತದೆ. ಆಗ ಪ್ರಬಲ ಔಷಧಿಗಳಿಂದ, ಕೆಲವೊಮ್ಮೆ ಇಡೀ ಶರೀರಕ್ಕೆ ವಿಕಿರಣ ಕೊಟ್ಟು, ಹಳೆಯ ಮಜ್ಜೆಯನ್ನು ತೆಗೆದುಹಾಕಿ, ಹೊಂದಾಣಿಕೆಯಾಗುವ ದಾನಿಯ ಆಕರಕೋಶಗಳನ್ನು ರಕ್ತ ಕೊಡುವಂತೆಯೇ ನರದ ಮೂಲಕ ಕೊಡುತ್ತಾರೆ. ಮೈಲೋಮಾ ಮತ್ತು ಕೆಲವು ಬಗೆಯ ಲಿಂಫೋಮಾಗಳಲ್ಲಿ ರೋಗಿಯದೇ ಆಕರಕೋಶಗಳನ್ನು ಮೊದಲೇ ಸಂಗ್ರಹಿಸಿಟ್ಟು ಹಿಂದಿರುಗಿಸುವುದುಂಟು.

ಅಮೆರಿಕದ ವೈದ್ಯ ಇ. ಡೊನಾಲ್ ಥಾಮಸ್ 1957ರಲ್ಲಿ ಈ ಚಿಕಿತ್ಸೆಯ ಮೊದಲ ಪ್ರಯತ್ನಗಳನ್ನು ವರದಿ ಮಾಡಿದರು. ಅವರಿಗೆ 1990ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ನಮ್ಮ ದೇಶದಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ 1983ರಲ್ಲಿ ಈ ಕಸಿ ಆರಂಭವಾಯಿತು. 1986ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ. ಇಂದು ಬೆಂಗಳೂರಿನ ಹಲವು ಆಸ್ಪತ್ರೆಗಳಲ್ಲೂ ನಡೆಯುತ್ತಿದೆ. ಒಂದು ಕಾಲಕ್ಕೆ "ಬದುಕುತ್ತಾನೆಯೇ?" ಎಂಬುದೊಂದೇ ಪ್ರಶ್ನೆಯಾಗಿತ್ತು. ಈಗ ಅನೇಕರು ಕಸಿಯ ನಂತರ ಹತ್ತು, ಇಪ್ಪತ್ತು ವರ್ಷ ಬಾಳುತ್ತಿದ್ದಾರೆ. ಹಾಗಾಗಿ ಹೊಸ ಪ್ರಶ್ನೆ ಹುಟ್ಟಿದೆ: ಬದುಕಿ ಉಳಿದವರ ಆರೋಗ್ಯವನ್ನು ಕಾಪಾಡುವುದು ಹೇಗೆ?

ಹೃದಯಕ್ಕೇಕೆ ಅಪಾಯ?

ಕಸಿ ನಡೆಯುವುದು ಮಜ್ಜೆಗೆ. ಹೃದಯಕ್ಕೂ ಅದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಹಲವು ದಾರಿಗಳಲ್ಲಿದೆ.

ಮೊದಲನೆಯದು, ಕಸಿಗೆ ಮುಂಚೆ ಕೊಟ್ಟ ಔಷಧಿಗಳು. ಡಾನೊರುಬಿಸಿನ್, ಡಾಕ್ಸೊರುಬಿಸಿನ್ ಮುಂತಾದವು ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಜೊತೆಗೆ ಹೃದಯದ ಸ್ನಾಯುವನ್ನೂ ದುರ್ಬಲಗೊಳಿಸಬಲ್ಲವು. ಕೊಟ್ಟ ಒಟ್ಟು ಪ್ರಮಾಣ ಹೆಚ್ಚಿದಂತೆ ಅಪಾಯವೂ ಹೆಚ್ಚು.

ಎರಡನೆಯದು ವಿಕಿರಣ. ಎದೆಯ ಭಾಗಕ್ಕೆ ತಗುಲಿದ ವಿಕಿರಣದಿಂದ ರಕ್ತನಾಳಗಳ ಒಳಪದರಕ್ಕೆ ಪೆಟ್ಟು ಬೀಳುತ್ತದೆ. ಇಡೀ ಶರೀರಕ್ಕೆ ಕೊಟ್ಟ ವಿಕಿರಣ ಥೈರಾಯ್ಡ್, ಅಂಡಾಶಯ, ವೃಷಣ, ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಇವುಗಳ ಕೆಲಸವನ್ನೂ ಕುಂದಿಸಬಹುದು.

ಮೂರನೆಯದು, ಕಸಿಯ ನಂತರ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಕೊಡುವ ಔಷಧಿಗಳು. ದಾನಿಯಿಂದ ಬಂದ ಕೋಶಗಳು ರೋಗಿಯ ಚರ್ಮ, ಕರುಳು, ಯಕೃತ್ತುಗಳನ್ನು ಪರಕೀಯವೆಂದು ಭಾವಿಸಿ ಅವುಗಳ ಮೇಲೆ ದಾಳಿ ಮಾಡುವುದುಂಟು. ಜಿ.ವಿ.ಎಚ್.ಡಿ. ಎಂದು ವೈದ್ಯರು ಹೇಳುವುದು ಇದನ್ನೇ. ಇದನ್ನು ಹತೋಟಿಯಲ್ಲಿಡಲು ಸ್ಟೀರಾಯ್ಡ್, ಸೈಕ್ಲೋಸ್ಪೋರಿನ್, ಟ್ಯಾಕ್ರೋಲಿಮಸ್ ಬೇಕು. ಇವಿಲ್ಲದಿದ್ದರೆ ಪ್ರಾಣಕ್ಕೇ ಸಂಚಕಾರ. ಆದರೆ ಸ್ಟೀರಾಯ್ಡಿನಿಂದ ರಕ್ತದ ಸಕ್ಕರೆ ಏರುತ್ತದೆ. ಸೈಕ್ಲೋಸ್ಪೋರಿನ್ ಮತ್ತು ಟ್ಯಾಕ್ರೋಲಿಮಸ್‌ನಿಂದ ರಕ್ತದೊತ್ತಡ ಏರಬಹುದು. ಕೊಲೆಸ್ಟರಾಲ್ ಕೂಡ ಹೆಚ್ಚಬಹುದು.

ಇದು ಬರಿಯ ಊಹೆಯಲ್ಲ. ಅಮೆರಿಕದಲ್ಲಿ 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕಸಿಯ ನಂತರ ಎರಡು ವರ್ಷಕ್ಕೂ ಹೆಚ್ಚು ಕಾಲ ಬದುಕಿದ ಸಾವಿರಕ್ಕೂ ಮಿಕ್ಕಿದ ಜನರನ್ನು ರೋಗಿಗಳ ಒಡಹುಟ್ಟಿದವರೊಡನೆ ಹೋಲಿಸಲಾಯಿತು. ಬೇರೆಯವರಿಂದ ಆಕರಕೋಶ ಪಡೆದವರಲ್ಲಿ ಸಕ್ಕರೆ ಕಾಯಿಲೆಯ ಸಂಭವ ಸುಮಾರು 3.6 ಪಟ್ಟು, ಅಧಿಕ ರಕ್ತದೊತ್ತಡದ ಸಂಭವ 2 ಪಟ್ಟು ಹೆಚ್ಚಾಗಿತ್ತು. ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ವಯಸ್ಸು ಮತ್ತು ತೂಕದ ವ್ಯತ್ಯಾಸಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ಅಂತರ ಹಾಗೆಯೇ ಉಳಿಯಿತು. ಅಂದರೆ ಇವರ ಅಪಾಯವನ್ನು ತೂಕದಿಂದಷ್ಟೇ ಅಳೆಯಲಾಗದು.

ತೂಕ ಹೇಳುವುದು ಅರ್ಧ ಸತ್ಯ

ಒಬ್ಬರ ತೂಕ ಸರಿಯಾಗಿದೆಯೇ ಎಂದು ತಿಳಿಯಲು ವೈದ್ಯರು ಬಳಸುವ ಲೆಕ್ಕ ದೇಹತೂಕ ಸೂಚ್ಯಂಕ, ಅಂದರೆ ಬಿ.ಎಂ.ಐ. ತೂಕವನ್ನು ಕಿಲೋಗ್ರಾಂನಲ್ಲಿ ಬರೆದು, ಎತ್ತರದ ಮೀಟರಿನಿಂದ ಎರಡು ಸಲ ಭಾಗಿಸಬೇಕು. ನಮ್ಮ ಊಹೆಯ ತರುಣನ ಎತ್ತರ 1.68 ಮೀಟರ್, ತೂಕ 62 ಕೆ.ಜಿ. ಅವನ ಸೂಚ್ಯಂಕ 22. ಭಾರತೀಯರಿಗೆ 18ರಿಂದ 22.9ರವರೆಗೆ ಸರಿಯಾದ ಮಟ್ಟ. 23 ದಾಟಿದರೆ ಹೆಚ್ಚು ತೂಕ, 25 ಮುಟ್ಟಿದರೆ ಬೊಜ್ಜು ಎಂದು ನಮ್ಮ ತಜ್ಞರು 2009ರಲ್ಲಿ ನಿಗದಿ ಮಾಡಿದರು. ಈ ಲೆಕ್ಕದ ಪ್ರಕಾರ ಅವನಿಗೆ ಯಾವ ತೊಂದರೆಯೂ ಇಲ್ಲ.

ಈ ಸೂತ್ರವನ್ನು ಮೊದಲು ಹಾಕಿಕೊಟ್ಟವನು ಬೆಲ್ಜಿಯಮ್ಮಿನ ಗಣಿತಜ್ಞ ಅಡಾಲ್ಫ್ ಕ್ವೆಟಲೆಟ್. ಅದು 19ನೇ ಶತಮಾನದ ಮಾತು. ಅವನು ವೈದ್ಯನಲ್ಲ. ಸಾವಿರಾರು ಜನರ ಸರಾಸರಿ ತಿಳಿಯುವುದು ಅವನ ಉದ್ದೇಶವಾಗಿತ್ತು. ಒಬ್ಬ ವ್ಯಕ್ತಿಯ ಮೈಯೊಳಗೆ ಕೊಬ್ಬು ಎಷ್ಟು, ಸ್ನಾಯು ಎಷ್ಟು ಎಂಬುದನ್ನು ಈ ಸೂತ್ರ ಹೇಳದು. ತಕ್ಕಡಿಯ ಒಂದು ತಟ್ಟೆಯಲ್ಲಿ ಒಂದು ಕಿಲೋ ಬೆಣ್ಣೆ, ಇನ್ನೊಂದರಲ್ಲಿ ಒಂದು ಕಿಲೋ ಮಾಂಸ ಇಟ್ಟರೆ ತಕ್ಕಡಿಗೆ ಎರಡೂ ಒಂದೇ.

ಇದಕ್ಕೊಂದು ಸ್ವಾರಸ್ಯದ ಉದಾಹರಣೆ ಇದೆ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್‌ಕಿನ್ ಎಂಬ ಇಬ್ಬರು ಸಂಶೋಧಕರು 2004ರಲ್ಲಿ 'ಲಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮದೇ ಅಳತೆಗಳನ್ನು ಪ್ರಕಟಿಸಿದರು. ಇಬ್ಬರ ಸೂಚ್ಯಂಕವೂ 22.3. ಆದರೆ ಯುಡ್‌ಕಿನ್ನರ ಮೈಯಲ್ಲಿ ಕೊಬ್ಬು ಶೇಕಡಾ 9.1, ಯಾಜ್ಞಿಕರ ಮೈಯಲ್ಲಿ ಶೇಕಡಾ 21.2! ನೋಡಲು ತೆಳ್ಳಗೆ, ಒಳಗೆ ಕೊಬ್ಬು: ಇದು ನಮ್ಮವರ ಮೈಕಟ್ಟಿನ ಗುಣ.

ನಮ್ಮ ಮೈಸೂರು ಕೂಡ ಈ ವಿಷಯದಲ್ಲಿ ಜಗತ್ತಿಗೆ ಪಾಠ ಹೇಳಿದೆ. ಜನ ಮಿಷನ್ ಆಸ್ಪತ್ರೆ ಎಂದೇ ಕರೆಯುವ ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟಿದ್ದರು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಮಂದಿಯನ್ನು ಹುಡುಕಿ ಪರೀಕ್ಷಿಸಿದ ವರದಿ 1996ರಲ್ಲಿ ಬಂತು. ಅವರ ಪೈಕಿ, ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಶೇಕಡಾ 11 ಜನರಿಗೆ ಹೃದಯದ ರಕ್ತನಾಳಗಳ ಕಾಯಿಲೆ ಇತ್ತು, 3.2 ಕಿಲೋ ಅಥವಾ ಹೆಚ್ಚು ಇದ್ದವರಲ್ಲಿ ಶೇಕಡಾ 3 ಜನರಿಗೆ ಮಾತ್ರ. ದಾದಿಯರು ಶ್ರದ್ಧೆಯಿಂದ ಬರೆದಿಟ್ಟ ಸರಳ ಅಳತೆಗಳು ಅರ್ಧ ಶತಮಾನದ ನಂತರದ ಹೃದಯದ ಕಥೆಯನ್ನು ಹೇಳಿದವು. ಅಳತೆಯನ್ನು ಹಗುರವಾಗಿ ಕಾಣಬಾರದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಪ್ಯಾಂಟು ಹೇಳಿದ ಗುಟ್ಟು

ಈಗ ನಮ್ಮ ತರುಣನ ಪ್ಯಾಂಟಿಗೆ ಬರೋಣ. ಕಾಯಿಲೆ ಮತ್ತು ಕಸಿಯ ದಿನಗಳಲ್ಲಿ ಅವನು ಕಳೆದುಕೊಂಡ 11 ಕಿಲೋದಲ್ಲಿ ಕೊಬ್ಬಿನ ಜೊತೆಗೆ ತೊಡೆ, ತೋಳು, ಬೆನ್ನಿನ ಸ್ನಾಯುಗಳೂ ಹೋದವು. ಬಾಯಿಹುಣ್ಣು, ವಾಂತಿಯಿಂದ ಊಟ ಸೇರಲಿಲ್ಲ. ವಾರಗಟ್ಟಲೆ ಹಾಸಿಗೆಯೇ ಗತಿಯಾಯಿತು. ಮೇಲಾಗಿ ಸ್ಟೀರಾಯ್ಡ್ ಸ್ನಾಯುವಿನ ಪ್ರೋಟೀನನ್ನು ಕರಗಿಸುತ್ತದೆ. ಕೊಬ್ಬನ್ನು ಹೊಟ್ಟೆ, ಮುಖ, ಕುತ್ತಿಗೆಯ ಹಿಂಭಾಗಗಳಲ್ಲಿ ಶೇಖರಿಸುತ್ತದೆ. ದುಂಡಗಾದ ಕೆನ್ನೆ ಪುಷ್ಟಿಯ ಗುರುತಲ್ಲ, ಬಹುಮಟ್ಟಿಗೆ ಔಷಧಿಯ ಗುರುತು. ಹಿಂದಿರುಗಿ ಬಂದ 11 ಕಿಲೋದಲ್ಲಿ ಕೊಬ್ಬಿನ ಪಾಲೇ ಹೆಚ್ಚು. ಹಾಗಾಗಿ ತೂಕ ಅಷ್ಟೇ, ಮೈ ಬೇರೆ.

ಬಾಲ್ಯದಲ್ಲಿ ಕಸಿಯಾಗಿ ಬೆಳೆದವರನ್ನು ಪರೀಕ್ಷಿಸಿದ ಸಂಶೋಧಕರೂ ಇದನ್ನೇ ಕಂಡಿದ್ದಾರೆ. ಸೂಚ್ಯಂಕ ಸಾಮಾನ್ಯವಾಗಿದ್ದರೂ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು, ಇನ್ಸುಲಿನ್ನಿನ ಪರಿಣಾಮ ಮಂದ. ಅದರಲ್ಲೂ ಇಡೀ ಶರೀರಕ್ಕೆ ವಿಕಿರಣ ಪಡೆದವರಲ್ಲಿ ಇದು ಎದ್ದು ಕಾಣುತ್ತದೆ.

ಇದರಿಂದ ಹೃದಯಕ್ಕೇನು ನಷ್ಟ? ಊಟ ಮಾಡಿದ ಮೇಲೆ ರಕ್ತಕ್ಕೆ ಸೇರುವ ಸಕ್ಕರೆಯ ಬಹುಭಾಗವನ್ನು ಹೀರಿಕೊಳ್ಳುವುದು ಸ್ನಾಯುಗಳು. ಸ್ನಾಯು ಕಡಿಮೆಯಾದರೆ ಸಕ್ಕರೆಗೆ ಹೋಗಲು ಜಾಗವಿಲ್ಲ. ಇನ್ನು ಹೊಟ್ಟೆಯೊಳಗೆ, ಕರುಳು ಯಕೃತ್ತುಗಳ ಸುತ್ತ ತುಂಬಿದ ಕೊಬ್ಬು ಸುಮ್ಮನೆ ಕೂರುವುದಿಲ್ಲ. ಅದರಿಂದ ಹೊರಟ ಕೊಬ್ಬಿನಾಮ್ಲಗಳು ನೇರವಾಗಿ ಯಕೃತ್ತಿಗೆ ಹರಿದು ಟ್ರೈಗ್ಲಿಸರೈಡನ್ನು ಹೆಚ್ಚಿಸುತ್ತವೆ, ಇನ್ಸುಲಿನ್ ಕೆಲಸ ಮಾಡದಂತೆ ತಡೆಯುತ್ತವೆ. ಕ್ರಮೇಣ ರಕ್ತನಾಳಗಳ ಗೋಡೆಯಲ್ಲಿ ಜಿಡ್ಡು ಕಟ್ಟುತ್ತದೆ. ಹೃದಯಾಘಾತ, ಲಕ್ವಗಳಿಗೆ ದಾರಿ ಇದೇ.

ಟೇಪು ಹಿಡಿಯುವ ಕ್ರಮ

ಸಂತೋಷದ ಸಂಗತಿಯೆಂದರೆ, ಹೊಟ್ಟೆಯ ಕೊಬ್ಬನ್ನು ಅಂದಾಜು ಮಾಡಲು ದುಬಾರಿ ಯಂತ್ರ ಬೇಕಿಲ್ಲ. ದರ್ಜಿಗಳು ಬಳಸುವ ಟೇಪು ಸಾಕು. ಆದರೆ ಕ್ರಮವಾಗಿ ಅಳೆಯಬೇಕು.

ಬೆಳಿಗ್ಗೆ, ಮಲಮೂತ್ರ ವಿಸರ್ಜನೆಯ ನಂತರ, ತಿಂಡಿಗೆ ಮುಂಚೆ ಅಳೆಯಿರಿ. ಬಟ್ಟೆಯ ಮೇಲೆ ಬೇಡ, ಬರಿ ಮೈಮೇಲೆ ಟೇಪು ಇರಲಿ. ಪಾದಗಳನ್ನು ಸ್ವಲ್ಪ ಅಗಲಿಸಿ ನೇರವಾಗಿ ನಿಲ್ಲಿ. ಪಕ್ಕೆಲುಬಿನ ಕೊನೆಯ ಅಂಚನ್ನು ಬೆರಳಿಂದ ಮುಟ್ಟಿ ಗುರುತಿಸಿ. ಕೆಳಗೆ ಸೊಂಟದ ಮೂಳೆಯ ಮೇಲಂಚನ್ನು ಗುರುತಿಸಿ. ಇವೆರಡರ ನಡುಮಧ್ಯದಲ್ಲಿ ಟೇಪನ್ನು ಸುತ್ತ ಬಳಸಿ. ಪ್ಯಾಂಟು ಅಥವಾ ಸೀರೆ ಕಟ್ಟುವ ಜಾಗ ಇದಕ್ಕಿಂತ ಕೆಳಗಿರಬಹುದು. ಅಲ್ಲಿ ಅಳೆದರೆ ಲೆಕ್ಕ ತಪ್ಪುತ್ತದೆ. ಟೇಪು ಮೈಗೆ ಅಂಟಿರಬೇಕು, ಒತ್ತಬಾರದು. ಮುಂದೆ ಹಿಂದೆ ಒಂದೇ ಮಟ್ಟದಲ್ಲಿರಬೇಕು. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ. ಸಹಜವಾಗಿ ಉಸಿರು ಬಿಟ್ಟ ಕ್ಷಣದಲ್ಲಿ ಅಂಕಿ ಓದಿ. ಎರಡು ಸಲ ಅಳೆದು ಸರಾಸರಿ ಬರೆಯಿರಿ. ಒಬ್ಬರೇ ಅಳೆದುಕೊಳ್ಳುವುದು ಕಷ್ಟ. ಮನೆಯವರೊಬ್ಬರು ನೆರವಾಗಲಿ, ಪ್ರತಿ ಸಲವೂ ಅವರೇ ಅಳೆದರೆ ಇನ್ನೂ ಒಳ್ಳೆಯದು.

ಭಾರತೀಯ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ಮುಟ್ಟಿದರೆ ಅದು ಎಚ್ಚರಿಕೆಯ ಗಂಟೆ. ಅಂಕಿ ನೆನಪಿಡುವುದು ಕಷ್ಟವೆನಿಸಿದರೆ ಇನ್ನೊಂದು ಸುಲಭ ಸೂತ್ರವಿದೆ: ಸೊಂಟದ ಸುತ್ತಳತೆ ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. ನಮ್ಮ ತರುಣನ ಎತ್ತರ 168 ಸೆಂಟಿಮೀಟರ್, ಅದರ ಅರ್ಧ 84. ಅವನ ಸೊಂಟ ಕಾಯಿಲೆಗೆ ಮುಂಚೆ 80 ಇದ್ದದ್ದು ಈಗ 92 ಎಂದುಕೊಳ್ಳಿ. ಬಿ.ಎಂ.ಐ. "ಸರಿಯಾಗಿದೆ" ಎಂದರೂ ಟೇಪು "ಇಲ್ಲ" ಎನ್ನುತ್ತಿದೆ. ಇಂಥ ಸಂದರ್ಭದಲ್ಲಿ ಟೇಪಿನ ಮಾತಿಗೆ ಬೆಲೆ ಕೊಡಿ.

ಒಂದು ಎಚ್ಚರಿಕೆ. ಗುಲ್ಮ ಅಥವಾ ಯಕೃತ್ತು ಊದಿಕೊಂಡಿದ್ದರೆ, ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಸೊಂಟದ ಅಳತೆ ಕೊಬ್ಬನ್ನು ಸೂಚಿಸುವುದಿಲ್ಲ. ಅಂಥವರು ವೈದ್ಯರ ಸಲಹೆಯಂತೆಯೇ ನಡೆಯಬೇಕು.

ಸ್ನಾಯುವಿನ ಲೆಕ್ಕ

ಹೊಟ್ಟೆ ಬೆಳೆದದ್ದು ಕಣ್ಣಿಗೆ ಕಾಣುತ್ತದೆ. ಸ್ನಾಯು ಕರಗಿದ್ದು ಕಾಣುವುದಿಲ್ಲ. ಇದಕ್ಕೆ ಮೀನಖಂಡದ ಸುತ್ತಳತೆ ನೆರವಾಗುತ್ತದೆ. ಕುರ್ಚಿಯ ಮೇಲೆ ಕುಳಿತು, ಪಾದ ನೆಲಕ್ಕೂರಿ, ಮೀನಖಂಡ ಅತ್ಯಂತ ದಪ್ಪಗಿರುವ ಕಡೆ ಟೇಪು ಸುತ್ತಿ. ಏಷ್ಯಾದ ತಜ್ಞರ ತಂಡ 2019ರಲ್ಲಿ ಹೇಳಿದ ಪ್ರಕಾರ ಗಂಡಸರಲ್ಲಿ 34, ಹೆಂಗಸರಲ್ಲಿ 33 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಸ್ನಾಯು ಕ್ಷೀಣಿಸಿರಬಹುದೆಂಬ ಸಂಶಯ ಪಡಬೇಕು. ಕಾಲು ಊದಿಕೊಂಡಿದ್ದರೆ ಈ ಅಳತೆಯನ್ನು ನಂಬಬೇಡಿ.

ಇನ್ನೊಂದು ಪರೀಕ್ಷೆ ಕುರ್ಚಿಯದು. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ಆಸರೆ ಹಿಡಿಯದೆ, ಐದು ಸಲ ಎದ್ದು ಕುಳಿತುಕೊಳ್ಳಿ. ಇದಕ್ಕೆ 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಕಾಲಿನ ಶಕ್ತಿ ಕುಂದಿದೆ ಎಂದರ್ಥ. ಈ ಅಂಕಿಗಳನ್ನು ಮುಖ್ಯವಾಗಿ ವಯಸ್ಸಾದವರಿಗೆಂದು ಗೊತ್ತುಮಾಡಿದ್ದಾರೆ. ಹೀಗಿರುವಾಗ ಮೂವತ್ತೈದರ ತರುಣನೇ ಇಲ್ಲಿ ಹಿಂದೆ ಬಿದ್ದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕಲ್ಲವೆ? ಪರೀಕ್ಷೆ ಮಾಡುವಾಗ ಪಕ್ಕದಲ್ಲಿ ಯಾರಾದರೂ ನಿಂತಿರಲಿ. ಪ್ಲೇಟ್‌ಲೆಟ್ ಕಡಿಮೆ ಇರುವವರು, ತಲೆಸುತ್ತು ಬರುವವರು ಇದನ್ನು ಮನೆಯಲ್ಲಿ ಮಾಡಬಾರದು.

ಮಕ್ಕಳು ಮತ್ತು ಮಹಿಳೆಯರು

ಮಕ್ಕಳಿಗೆ ದೊಡ್ಡವರ ಅಂಕಿಗಳು ಹೊಂದುವುದಿಲ್ಲ. ಅವರ ಎತ್ತರ ಮತ್ತು ತೂಕವನ್ನು ವಯಸ್ಸಿಗೆ ತಕ್ಕ ಬೆಳವಣಿಗೆಯ ನಕ್ಷೆಯಲ್ಲಿ ಗುರುತಿಸಬೇಕು. ಇಡೀ ಶರೀರಕ್ಕೆ ವಿಕಿರಣ ಪಡೆದ ಮಕ್ಕಳಲ್ಲಿ ಬೆನ್ನುಮೂಳೆಯ ಬೆಳವಣಿಗೆ ಕುಂಠಿತವಾಗುವುದುಂಟು. ಅದಕ್ಕೇ ವೈದ್ಯರು ನಿಂತ ಎತ್ತರದ ಜೊತೆಗೆ ಕುಳಿತ ಎತ್ತರವನ್ನೂ ಅಳೆಯುತ್ತಾರೆ. "ನಮ್ಮ ವಂಶವೇ ಕುಳ್ಳು" ಎಂದು ಸುಮ್ಮನಾಗದೆ, ಬೆಳವಣಿಗೆ ನಿಂತಂತೆ ಕಂಡರೆ ಥೈರಾಯ್ಡ್ ಮತ್ತು ಬೆಳವಣಿಗೆಯ ಹಾರ್ಮೋನುಗಳ ಪರೀಕ್ಷೆ ಮಾಡಿಸಿ. ಥಲಸ್ಸೇಮಿಯಾಕ್ಕಾಗಿ ಕಸಿಯಾದ ಮಕ್ಕಳಲ್ಲಿ ಹಿಂದಿನ ರಕ್ತಪೂರಣಗಳಿಂದ ಸೇರಿದ ಕಬ್ಬಿಣ ಹೃದಯದಲ್ಲಿ ಉಳಿದಿರಬಹುದು. ಕಸಿ ಯಶಸ್ವಿಯಾದರೂ ಆ ಕಬ್ಬಿಣವನ್ನು ಹೊರಹಾಕುವ ಚಿಕಿತ್ಸೆ ಬೇಕಾಗುತ್ತದೆ.

ಕಸಿಯ ನಂತರ ಅನೇಕ ಯುವತಿಯರಲ್ಲಿ ಮುಟ್ಟು ಅಕಾಲದಲ್ಲಿ ನಿಲ್ಲುತ್ತದೆ. ನಾಚಿಕೆಯಿಂದಲೋ, "ಜೀವ ಉಳಿದದ್ದೇ ಹೆಚ್ಚು" ಎಂಬ ಭಾವನೆಯಿಂದಲೋ ಹೇಳದೆ ಇರುವವರೇ ಹೆಚ್ಚು. ಈಸ್ಟ್ರೊಜೆನ್ ಹಾರ್ಮೋನು ರಕ್ತನಾಳಗಳಿಗೆ ಒಂದು ರಕ್ಷಣೆ. ಅದು ಬೇಗನೆ ಕಡಿಮೆಯಾದರೆ ಹೃದಯಕ್ಕೂ ಮೂಳೆಗೂ ತೊಂದರೆ. ಇದಕ್ಕೆ ಚಿಕಿತ್ಸೆ ಇದೆ. ಸ್ತ್ರೀರೋಗ ತಜ್ಞರನ್ನು ಕಾಣಿರಿ.

ಟೇಪಿನ ಜೊತೆಗೆ ಪರೀಕ್ಷೆಗಳು

ಸೊಂಟದ ಅಳತೆ ಐದು ಅಂಶಗಳಲ್ಲಿ ಒಂದು ಮಾತ್ರ. ಉಳಿದ ನಾಲ್ಕು ಹೀಗಿವೆ: ರಕ್ತದೊತ್ತಡ 130/85 ಅಥವಾ ಹೆಚ್ಚು; ಖಾಲಿ ಹೊಟ್ಟೆಯ ಸಕ್ಕರೆ 100 ಮಿ.ಗ್ರಾಂ. ಅಥವಾ ಹೆಚ್ಚು, ಟ್ರೈಗ್ಲಿಸರೈಡ್ 150 ಮಿ.ಗ್ರಾಂ. ಅಥವಾ ಹೆಚ್ಚು, ಒಳ್ಳೆಯ ಕೊಲೆಸ್ಟರಾಲ್ ಎನಿಸಿದ ಎಚ್.ಡಿ.ಎಲ್. ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50 ಮಿ.ಗ್ರಾಂ.ಗಿಂತ ಕಡಿಮೆ. ಐದರಲ್ಲಿ ಮೂರು ಸೇರಿದರೆ ಅದನ್ನು ಮೆಟಬಾಲಿಕ್ ಸಿಂಡ್ರೋಮ್ ಎನ್ನುತ್ತಾರೆ. ಕಸಿಯಾದವರಲ್ಲಿ ಶೇಕಡಾ 31ರಿಂದ 49 ಜನರಲ್ಲಿ ಇದು ಕಂಡುಬಂದಿದೆ ಎಂದು ಅಂತರರಾಷ್ಟ್ರೀಯ ಕಸಿ ತಜ್ಞರ ತಂಡ 2016ರಲ್ಲಿ ತಿಳಿಸಿತು.

ಈ ಪರೀಕ್ಷೆಗಳನ್ನು ಕಸಿಯಾದವರು ವಯಸ್ಸು ನೋಡದೆ ಮಾಡಿಸಬೇಕು. ಆಸ್ಪತ್ರೆಗೆ ಹೋದಾಗಲೆಲ್ಲ ರಕ್ತದೊತ್ತಡ ಮತ್ತು ತೂಕ. ಸಕ್ಕರೆ ಮತ್ತು ಕೊಲೆಸ್ಟರಾಲ್ ಕನಿಷ್ಠ ವರ್ಷಕ್ಕೊಮ್ಮೆ. ಸ್ಟೀರಾಯ್ಡ್ ಅಥವಾ ಸೈಕ್ಲೋಸ್ಪೋರಿನ್ ನಡೆಯುತ್ತಿದ್ದರೆ ಇನ್ನೂ ಬೇಗ ಬೇಗ. ಎದೆಗೆ ವಿಕಿರಣ ಪಡೆದವರಿಗೆ, ಡಾಕ್ಸೊರುಬಿಸಿನ್ ಬಗೆಯ ಔಷಧಿ ಪಡೆದವರಿಗೆ ಹೃದಯದ ಎಕೊ ಪರೀಕ್ಷೆ ಎಷ್ಟು ದಿನಕ್ಕೊಮ್ಮೆ ಬೇಕೆಂದು ವೈದ್ಯರನ್ನು ನೀವಾಗಿಯೇ ಕೇಳಿ. ಹೃದಯ ತಜ್ಞರ ಬಳಿ ಹೋದಾಗ ಹಳೆಯ ಡಿಸ್ಚಾರ್ಜ್ ಪತ್ರ ಜೊತೆಗಿರಲಿ. ಕಸಿಯಾಗಿದೆ ಎಂಬುದೇ ತಿಳಿಯದಿದ್ದರೆ ಅವರು ನಿಮ್ಮ ಅಪಾಯವನ್ನು ಕಡಿಮೆ ಅಂದಾಜು ಮಾಡಬಹುದು.

ಊಟ ಮತ್ತು ವ್ಯಾಯಾಮ

ಕಸಿಯ ಮೊದಲ ತಿಂಗಳುಗಳಲ್ಲಿ ತೂಕ ಇಳಿಸುವ ಯೋಚನೆ ಬೇಡವೇ ಬೇಡ. ಆಗ ಸೇರಿದಷ್ಟು ತಿನ್ನುವುದು, ಪ್ರೋಟೀನು ಸಿಗುವಂತೆ ನೋಡಿಕೊಳ್ಳುವುದೇ ಮುಖ್ಯ. ಚೇತರಿಸಿಕೊಂಡ ಮೇಲೆ ಊಟದ ಕ್ರಮ ಬದಲಾಗಬೇಕು. ನಮ್ಮ ಮನೆಗಳಲ್ಲಿ ತಪ್ಪಾಗುವುದು ಇಲ್ಲೇ. ಕಾಯಿಲೆಯ ದಿನಗಳಲ್ಲಿ ಅಕ್ಕರೆಯಿಂದ ಆರಂಭಿಸಿದ ತುಪ್ಪ, ಸಿಹಿ, ಹೊತ್ತುಹೊತ್ತಿಗೆ ಹಾಲಿನ ಪಾನೀಯ ವರ್ಷಗಳಾದರೂ ನಿಲ್ಲುವುದಿಲ್ಲ.

ತಟ್ಟೆಯಲ್ಲಿ ಅನ್ನದ ಗುಡ್ಡೆ ಚಿಕ್ಕದಾಗಲಿ; ಬೇಳೆ, ಕಾಳು, ಚೆನ್ನಾಗಿ ಬೇಯಿಸಿದ ಮೊಟ್ಟೆ, ಮೀನು, ಬೇಯಿಸಿದ ತರಕಾರಿ ಹೆಚ್ಚಲಿ. ಮುದ್ದೆ ಉಣ್ಣುವವರು ಅದರೊಂದಿಗೆ ಕಾಳಿನ ಸಾರು ಮಾಡಿಕೊಳ್ಳಿ, ಬಸ್ಸಾರಿನಲ್ಲಿ ಸೊಪ್ಪು ಧಾರಾಳವಾಗಿರಲಿ. ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಹಾ ಚಮಚಕ್ಕಿಂತ ಕಡಿಮೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯ ಉಪ್ಪೂ ಈ ಲೆಕ್ಕಕ್ಕೇ ಸೇರುತ್ತದೆ.

ಎರಡು ಮಾತು ಕಸಿಯಾದವರಿಗೆ ವಿಶೇಷವಾಗಿ. ರೋಗನಿರೋಧಕ ಶಕ್ತಿ ಕುಂದಿರುವಷ್ಟು ಕಾಲ ಹಸಿ ಮೊಳಕೆಕಾಳು, ಹಸಿ ಕೋಸಂಬರಿ ಬೇಡ, ಸೋಂಕಿನ ಭಯವಿದೆ. ಕಾಳನ್ನು ಬೇಯಿಸಿಯೇ ತಿನ್ನಿ. ಎರಡನೆಯದು ಚಕ್ಕೋತ. ದೇವನಹಳ್ಳಿಯ ಚಕ್ಕೋತ ರುಚಿಯಾದ ಹಣ್ಣೇನೋ ಸರಿ. ಆದರೆ ಸೈಕ್ಲೋಸ್ಪೋರಿನ್ ಅಥವಾ ಟ್ಯಾಕ್ರೋಲಿಮಸ್ ನುಂಗುವವರಿಗೆ ಅದು ಸಲ್ಲದು. ಚಕ್ಕೋತದಲ್ಲಿರುವ ಅಂಶಗಳು ಈ ಔಷಧಿಗಳು ರಕ್ತದಲ್ಲಿ ಮಿತಿಮೀರಿ ಸೇರುವಂತೆ ಮಾಡುತ್ತವೆ.

ಕಳೆದುಕೊಂಡ ಸ್ನಾಯು ಊಟದಿಂದಷ್ಟೇ ಮರಳುವುದಿಲ್ಲ. ಅದಕ್ಕೆ ಕೆಲಸ ಕೊಡಬೇಕು. ವಾರಕ್ಕೆ ಒಟ್ಟು 150 ನಿಮಿಷಗಳ ಬಿರುಸು ನಡಿಗೆ ಗುರಿಯಾಗಿರಲಿ. ಮೊದಲ ದಿನ ಹತ್ತು ನಿಮಿಷವಾದರೂ ಸರಿ. ಅದರ ಜೊತೆ ವಾರಕ್ಕೆ ಎರಡು ದಿನ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಯೂರಿ ಒತ್ತುವುದು, ನೀರು ತುಂಬಿದ ಅರ್ಧ ಲೀಟರಿನ ಬಾಟಲಿ ಎತ್ತುವುದು ಮುಂತಾದ ವ್ಯಾಯಾಮ ಮಾಡಿ. ಹಿಮೋಗ್ಲೋಬಿನ್, ಪ್ಲೇಟ್‌ಲೆಟ್ ಮತ್ತು ಮೂಳೆಯ ಸ್ಥಿತಿ ನೋಡಿ ವೈದ್ಯರು ಒಪ್ಪಿದ ಮೇಲೆಯೇ ಆರಂಭಿಸಿ. ಬೀಡಿ, ಸಿಗರೇಟು, ಗುಟ್ಕಾಗಳನ್ನು ಪೂರ್ತಿ ಬಿಡಬೇಕು. ಮನೆಯೊಳಗೆ ಬೇರೆಯವರು ಸೇದುವುದೂ ನಿಲ್ಲಬೇಕು.

ಔಷಧಿಯ ವಿಷಯದಲ್ಲಿ ಸ್ವಂತ ಬುದ್ಧಿ ಬೇಡ

ಈ ಲೇಖನ ಓದಿ "ಸ್ಟೀರಾಯ್ಡಿನಿಂದಲೇ ಹೊಟ್ಟೆ ಬಂತು" ಎಂದು ಮಾತ್ರೆ ನಿಲ್ಲಿಸಿಬಿಡಬೇಡಿ. ಬಹಳ ದಿನ ತೆಗೆದುಕೊಂಡ ಸ್ಟೀರಾಯ್ಡನ್ನು ಒಮ್ಮೆಲೆ ನಿಲ್ಲಿಸುವುದು ಪ್ರಾಣಾಪಾಯಕಾರಿ. ದಾನಿಯ ಕೋಶಗಳ ದಾಳಿಯೂ ಮರುಕಳಿಸಬಹುದು. ಪ್ರಮಾಣ ಇಳಿಸುವ ಕೆಲಸ ವೈದ್ಯರದು. ಹಾಗೆಯೇ ಪಕ್ಕದ ಮನೆಯವರಿಗೆ ಬರೆದ ಕೊಲೆಸ್ಟರಾಲ್ ಮಾತ್ರೆಯನ್ನು ನೀವೂ ತೆಗೆದುಕೊಳ್ಳಬೇಡಿ. ಉದಾಹರಣೆಗೆ ಸಿಮ್ವಾಸ್ಟಾಟಿನ್ ಮಾತ್ರೆಯನ್ನು ಸೈಕ್ಲೋಸ್ಪೋರಿನ್ ಜೊತೆ ಕೊಡುವಂತಿಲ್ಲ. ಸ್ನಾಯುಗಳಿಗೆ ತೀವ್ರ ಹಾನಿಯಾದೀತು.

ಎರಡು ಮೂರು ದಿನಗಳಲ್ಲಿ ತೂಕ 2 ಕಿಲೋಗಿಂತ ಹೆಚ್ಚು ಏರಿದರೆ ಅದು ಕೊಬ್ಬಲ್ಲ, ಶರೀರದಲ್ಲಿ ನಿಂತ ನೀರು. ಅದರೊಡನೆ ಪಾದ ಊದಿಕೊಂಡರೆ, ಮಲಗಿದಾಗ ಉಸಿರು ಕಟ್ಟಿದರೆ ಅಂದೇ ವೈದ್ಯರನ್ನು ಕಾಣಿರಿ. ಎದೆಯ ಮೇಲೆ ಭಾರ ಹೇರಿದಂಥ ನೋವು, ತಣ್ಣನೆಯ ಬೆವರು, ಇದ್ದಕ್ಕಿದ್ದಂತೆ ಬಾಯಿ ಸೊಟ್ಟಗಾಗುವುದು, ಒಂದು ಪಕ್ಕದ ಕೈಕಾಲು ಸ್ವಾಧೀನ ತಪ್ಪುವುದು ಕಂಡರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಹೋಗಬೇಕು. "ವಯಸ್ಸು ಚಿಕ್ಕದು, ಗ್ಯಾಸ್ ಇರಬೇಕು" ಎಂದು ಕಸಿಯಾದವರ ವಿಷಯದಲ್ಲಿ ಎಂದೂ ಹೇಳಬೇಡಿ.

ಒಂದು ನೋಟುಪುಸ್ತಕ ಸಾಕು

ಹಾಗಾದರೆ ಆ ಮನೆಯ ಹೆಂಡತಿ ಈಗೇನು ಮಾಡಬೇಕು? ಒಂದು ನೂರು ಪುಟದ ನೋಟುಪುಸ್ತಕ ತರಲಿ. ಪ್ರತಿ ತಿಂಗಳ ಮೊದಲ ಭಾನುವಾರ ತೂಕ, ಸೊಂಟ, ಮೀನಖಂಡ, ರಕ್ತದೊತ್ತಡ ಇಷ್ಟನ್ನು ದಿನಾಂಕ ಹಾಕಿ ಬರೆಯಲಿ. ಕಸಿಗೆ ಇನ್ನೂ ಹೋಗಬೇಕಾದವರು ಹೋಗುವ ಮುಂಚೆಯೇ ಮೊದಲ ಸಾಲು ಬರೆದಿಡಲಿ. ಮುಂದೆ ಹೋಲಿಸಲು ಅದೇ ಆಧಾರ. ಆಸ್ಪತ್ರೆಗೆ ಹೋದಾಗ ಈ ಪುಸ್ತಕವನ್ನು ವೈದ್ಯರ ಮುಂದಿಡಬೇಕು. ಒಂದೇ ದಿನದ ಅಂಕಿಗಿಂತ ಹನ್ನೆರಡು ತಿಂಗಳ ಅಂಕಿಗಳು ವೈದ್ಯರಿಗೆ ಹೆಚ್ಚು ಹೇಳುತ್ತವೆ. ಸೊಂಟ ಏರುತ್ತಿದೆಯೇ, ಮೀನಖಂಡ ಇಳಿಯುತ್ತಿದೆಯೇ ಎಂಬುದು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ತಂಗಿ ಕೊಟ್ಟ ಆಕರಕೋಶಗಳಿಂದ ಅವನ ಜೀವ ಉಳಿಯಿತು. ಮನೆಮಂದಿಯೆಲ್ಲ ಹಗಲುರಾತ್ರಿ ಕಾದರು, ಸಾಲ ಮಾಡಿದರು, ಹರಕೆ ಹೊತ್ತರು. ಅಷ್ಟೆಲ್ಲ ಕಷ್ಟಪಟ್ಟು ಉಳಿಸಿಕೊಂಡ ಜೀವವನ್ನು, ಅಳೆಯುವ ಹತ್ತು ನಿಮಿಷದ ಸೋಮಾರಿತನಕ್ಕೆ ಬಲಿಕೊಡಬಾರದು. ಮುಂದಿನ ಸಲ ನೆಂಟರು "ಮೈ ತುಂಬಿಕೊಂಡಿದ್ದಾನೆ" ಎಂದಾಗ ಸಂತೋಷಪಡಿ, ತಪ್ಪಿಲ್ಲ. ಮನೆಗೆ ಬಂದು ಟೇಪು ಹಿಡಿದು, ತುಂಬಿರುವುದು ತೊಡೆಯೋ ಹೊಟ್ಟೆಯೋ ಎಂದು ಒಮ್ಮೆ ನೋಡಿ.